ಬಿಳಿ ಅಂಚು

ಆದಿತ್ಯವಾರದ ಸಂತೆಯಲ್ಲಿ ಕೊಂಡದ್ದು,
ಒಣಮೀನಿನ ಸಾಲು ಮುಗಿದು
ಪ್ಲಾಸ್ಟಿಕ್ ಬುಟ್ಟಿಗಳು ಶುರುವಾಗುವಲ್ಲಿ.
ನಾನೂರೈವತ್ತು ಹೇಳಿದ, ಮುನ್ನೂರೆಂಬತ್ತಕ್ಕೆ ಕೊಟ್ಟ.
ಶೆಟ್ಲಿಗೆಂದು ತಂದ ದುಡ್ಡೂ ಅದರಲ್ಲಿ ಸೇರಿತು.
"ವಾರಕ್ಕೊಂದ್ ಸಲ ನೀರು, ಅಷ್ಟರೀ ಅಕ್ಕಾರ"
ಎಂದವನು ಟೆಂಪೋ ಹತ್ತುವಾಗ
ಇನ್ನೇನೋ ಹೇಳಲು ತಿರುಗಿದ.
ಹೇಳಲಿಲ್ಲ.

ಕೋಡಿಬಾಗದಲ್ಲಿ ಬಾಡಿಗೆ ಮನೆ, ಎರಡನೆಯ ಮಹಡಿ.
ಕಾಳಿ ಸಮುದ್ರ ಸೇರುವುದು ಕಿಟಕಿಯಿಂದ ಕಾಣುವುದಿಲ್ಲ,
ಸೇರಿದ ವಾಸನೆ ಬರುತ್ತದೆ.
ಅಲ್ಲಿಟ್ಟೆ, ಬಿಸಿಲು ಜಾಸ್ತಿಯಾಯಿತು ಎಂದರು.
ಫ್ರಿಜ್ಜಿನ ಮಗ್ಗುಲಿಗಿಟ್ಟೆ, ಗಾಳಿ ಎಲ್ಲಿದೆ ಎಂದರು.
ವರ್ಗವಾಗಿ ಬಂದ ಗುಮಾಸ್ತನಿಗೆ ಮೇಜು ಹುಡುಕಿದಂತೆ
ನಾಲ್ಕು ದಿನ ಮನೆಯೆಲ್ಲ ಹೊತ್ತು ತಿರುಗಿದೆ.

ಏಳು ಹೂ. ನೇರಳೆಯಲ್ಲ, ಬಿಳಿಯೂ ಅಲ್ಲ;
ಸೀರೆಯಂಗಡಿಯವನಷ್ಟೇ ಹೆಸರು ಹೇಳಬಲ್ಲ ಬಣ್ಣ.

ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು.
ಐಸ್ ತುಂಡು ಇಡು ಎಂದಳು
ಮೆಟ್ಟಿಲ ಮೇಲೆ ನಿಂತೇ, ಫಿಲೋಮಿನಾ ಬಾಯಿ.
ಕುಮಟೆಯಿಂದ ಸೋದರತ್ತೆ, ಫೋನಿನಲ್ಲಿ:
"ಮಾವಿನ ಮರದ ಮೇಲೆ ಸೀತಾಳೆ ದಂಡೆ ಬಿಡ್ತದಲ್ಲೆ,
ಅದ್ಕೆ ನೀರು ಹೊಯ್ದೋರು ಯಾರೆ?"
ಗಂಡ ಬೆಲೆ ಕೇಳಿದ.
ಆಮೇಲೆ ಏನನ್ನೂ ಕೇಳಲಿಲ್ಲ.

ಮೂರನೆಯ ವಾರ ಮೊದಲ ಹೂ ಬಿತ್ತು,
ಚಹಾದ ಲೋಟದ ಪಕ್ಕ, ಸದ್ದು ಮಾಡದೆ.
ಎಲೆ ಹಳೇ ಹವಾಯಿ ಚಪ್ಪಲಿಯಂತೆ ಬಾಗಿತು.

ಕುಂಡ ಪಾರದರ್ಶಕ, ಬೇರು ಕಾಣುತ್ತದೆ.
ಒಣಗಿದರೆ ಬೆಳ್ಳಿ, ನೀರು ತಾಗಿದ ಗಳಿಗೆ ಹಸಿರು:
ಇಷ್ಟನ್ನು ಯಾರೂ ಹೇಳಿಕೊಡದೆ ಕಲಿತಿದ್ದೆ.
ತುದಿಗಳು ಮಾತ್ರ ಗೀರಿ ಬಿಸುಟ
ಬೆಂಕಿಕಡ್ಡಿಯ ಹಾಗೆ ಕಪ್ಪು.

ಹಳೇ ಪೇಪರ್ ಹಾಸಿ ಕಿತ್ತೆ.
ಪಾಚಿಯ ಗಂಟಿನ ನಟ್ಟನಡುವೆ
ಬೆರಳುದ್ದದ ಬಲೆಬುಟ್ಟಿ, ಪ್ಲಾಸ್ಟಿಕ್ಕಿನದು.
ಮಗುವಾಗಿದ್ದಾಗ ತೊಡಿಸಿದ್ದು, ಬಿಚ್ಚಲು ಮರೆತಿದ್ದಾರೆ.
(ಅವನು ಹೇಳಲು ತಿರುಗಿದ್ದು ಇದನ್ನೇ ಇರಬೇಕು.)
ಕತ್ತರಿಯನ್ನು ಗ್ಯಾಸಿನ ಉರಿಗೆ ಹಿಡಿದು
ಒಂದೊಂದೇ ಕಣ್ಣಿ ಕತ್ತರಿಸಿದೆ,
ಕೊಳೆತ ಬೇರು ಸವರಿದೆ,
ಗಾಯಕ್ಕೆ ದಾಲ್ಚಿನ್ನಿ ಪುಡಿ.
"ಅಮ್ಮಾ, ಪಲಾವಾ?" ಮೇದಿನಿ ಒಳಕೋಣೆಯಿಂದ.

ಕುಂಡ ತೊಳೆಯುವಾಗ ಕಂಡದ್ದು:
ಅಂಚಿನ ಸುತ್ತ ತೆಳ್ಳಗೆ ಒಂದು ಬಿಳಿ ಗೆರೆ.
ಬೂಸಲು ಅಂದುಕೊಂಡೆ. ಬೆರಳಿಗೆ ಗರಗರ ಅಂದಿತು.
ಯಾರೂ ನೋಡುತ್ತಿಲ್ಲವೆಂದು ಖಾತ್ರಿಮಾಡಿಕೊಂಡು
ನಾಲಿಗೆಗೆ ಇಟ್ಟೆ.

ಸಾಣಿಕಟ್ಟೆಯಲ್ಲಿ ಹುಟ್ಟಿದವಳಿಗೆ
ಈ ರುಚಿಯ ಹೆಸರು ಯಾರೂ ಹೇಳಬೇಕಾಗಿಲ್ಲ.
ನೀರು ನಿಲ್ಲಿಸು, ಬಿಸಿಲಿಗೆ ಬಿಡು, ಕಾಯು.
ಅಪ್ಪ ಮರದ ಹಲಗೆಯಲ್ಲಿ ಎಳೆದು ರಾಶಿ ಹಾಕುತ್ತಿದ್ದ;
ಅವನ ಹಿಮ್ಮಡಿಯ ಸೀಳಿನಲ್ಲೂ ಇದೇ ಬಿಳಿ ಗೆರೆ,
ಮಳೆಗಾಲದಲ್ಲೂ ಹೋಗದ್ದು.
ಇಲ್ಲಿಯ ಬಾವಿಯೋ, ಭರತಕ್ಕೆ ಚೂರು ಸಮುದ್ರ ಕುಡಿಯುವಂಥದ್ದು.
ಅದನ್ನೇ ಅಳೆದು ಅಳೆದು, ಪ್ರೀತಿಯಿಂದ,
ಒಂದು ತಿಂಗಳು ಈ ಕಿಟಕಿಯಲ್ಲಿ
ಅಂಗೈಯಗಲದ ಆಗರ ನಡೆಸಿದ್ದೇನೆ.

ನಾವು ಅದನ್ನು ಮಾರಿ ಉಂಡೆವು.
ಇದು ಉಣ್ಣಲಾರದು.

ಈಗ ಕಚೇರಿಯ ಏಸಿ ತೊಟ್ಟಿಕ್ಕುವಲ್ಲಿ
ನನ್ನದೊಂದು ಬಾಟಲಿ ಇರುತ್ತದೆ,
ನೋಂದಣಿಗೆ ಬಂದವರ ಚಪ್ಪಲಿಗಳ ನಡುವೆ.
"ಬ್ಯಾಟರಿಗಾ ಬಾಯೋರೆ?" ಗುಣಾಜಿ ಕೇಳಿದ.
ಹೌದು ಅಂದೆ.
ಇದ್ದಿಲು, ತೆಂಗಿನ ಸಿಪ್ಪೆ, ಆ ನೀರು.
ಮಿಕ್ಕ ಹೂಗಳೂ ಉದುರಿದವು, ಈಗ ಬರೀ ಕಡ್ಡಿ.
ಬಂದವರು ಕಡ್ಡಿಯನ್ನು ನೋಡುತ್ತಾರೆ, ನನ್ನನ್ನು ನೋಡುತ್ತಾರೆ.

ಬುಡದಿಂದ ಹೊಸ ಬೇರೊಂದು ಹೊರಟಿದೆ.
ಒಳಗಿನ ಒದ್ದೆ ಬೇಡವೆಂದು ಅಂಚು ಹತ್ತಿ
ಗಾಳಿಯಲ್ಲಿ ಏನನ್ನೋ ತಡವುತ್ತಿದೆ,
ತುದಿ ಹಸಿ ಬಟಾಣಿ ಬಣ್ಣ.
ಆದಿತ್ಯವಾರ ಅದನ್ನು ಮೆಲ್ಲಗೆ ಎತ್ತಿ
ಕೆಳಗಿನ ಅಂಚು ಒರೆಸುತ್ತೇನೆ,
ಬೆರಳು ನೆಕ್ಕುತ್ತೇನೆ.

ಸಪ್ಪೆ.
ಈ ವಾರವೂ ಸಪ್ಪೆ.