ಮೇಲಿಂದ ಬರುವ ಚೆಂಡಿಗೆ

ನಾಳೆ ರಾತ್ರಿ ಫೈನಲ್. ಎದುರು ಪಡನ್ನದವರು.
ಅವರ ಗೋಲಿಯ ಬಲಗಾಲು ನೀವು ನೋಡಿಲ್ಲ.
ಒದ್ದರೆ ಚೆಂಡು ದೀಪದ ಕಂಬ ದಾಟಿ
ಕತ್ತಲೆಯೊಳಗೆ ಹೊಕ್ಕು, ಅಲ್ಲೇ ತುಸು ಕೂತು,
ಮತ್ತೆ ನಮ್ಮ ನೆತ್ತಿಗೇ ಗುರಿಯಿಟ್ಟು ಇಳಿಯುತ್ತದೆ.
ಅದನ್ನು ಇಳಿಸಿಕೊಳ್ಳುವವನೊಬ್ಬ ಬೇಕು.
ಇಳಿಸಿಕೊಂಡು, ಬಂದ ದಾರಿಗೇ
ಓಡಿಸಿಕೊಂಡು ಹೋಗುವವನು.

ಗೋಲು ಹೊಡೆಯುವವರಿಗೇನು ಬರಗಾಲ?
ಬಂದ್ಯೋಡಿನಿಂದ ಆರಿಕ್ಕಾಡಿಯವರೆಗೆ
ಎಲ್ಲಿ ಕಲ್ಲೆಸೆದರೂ ಒಬ್ಬನಿಗೆ ತಾಗುತ್ತದೆ.

ಕುಂಬಳೆ ಸ್ಟೇಷನ್ನಿನ ಹಿಂದೆ, ಮೊಯ್ದು ಹಾಜಿಯ ಚಾದಂಗಡಿಯಲ್ಲಿ
ಸಮಿತಿ ಕೂತಿತು. ಸಮಿತಿಯೆಂದರೆ ನಾವು ಮೂವರು,
ಒಂದು ಪ್ಲೇಟು ಕಲ್ಲುಮ್ಮಕ್ಕಾಯಿ,
ಮತ್ತು ಮಳೆಗೆ ಮೊದಲೇ ಮಾತಾಡುವ ನನ್ನ ಎಡ ಮಂಡಿ.

'ಘಾನಾದವನನ್ನೇ ಕರೆಸುವ' ಎಂದ ಉಸ್ಮಾನ್ ಕುಂಞಿ,
'ಆಟಕ್ಕೆ ಐದು ಸಾವಿರ, ಬಿರಿಯಾನಿ ಬೇರೆ.
ಎದೆ ನೋಡಿದ್ದೀಯಾ? ಚೆಂಡು ಹಾಸಿಗೆಗೆ ಬಿದ್ದ ಹಾಗೆ.'
ನೋಡಿದ್ದೇನೆ. ಬೆಳಿಗ್ಗೆ ಉಪ್ಪಳಕ್ಕೆ ಹೋಗಿಯೂ ಬಂದೆ.
ಬಾಡಿಗೆ ಕೋಣೆಯಲ್ಲಿ ಮೂರು ಹೊದಿಕೆ ಹೊದ್ದು
ಕ್ವಾಬೆನಾ ನಡುಗುತ್ತಿದ್ದ. ಫೋನಿನಲ್ಲಿ ಅಮ್ಮ.
ಅವನ ಭಾಷೆ ನನಗೆ ಬರುವುದಿಲ್ಲ,
'ಹುಷಾರಾಗಿದ್ದೇನೆ' ಎಂಬ ಸುಳ್ಳು ಮಾತ್ರ ಅರ್ಥವಾಯಿತು.

ಡೊಲ್ಫಿ ಕ್ರಾಸ್ತಾ? ಕಾಲಿದೆ, ಮಾರಾಯ, ಚಿಗರೆಯ ಕಾಲು.
ಚೆಂಡಿಗಿಂತ ಮೊದಲು ಗ್ಯಾಲರಿ ನೋಡುತ್ತಾನೆ.

ನಿನ್ನೆ ಸಂಜೆ ಕೊಯ್ದ ಗದ್ದೆಯಲ್ಲಿ ಪರೀಕ್ಷೆ ಇಟ್ಟಿದ್ದೆ.
ಹುಣಿಯ ಮೇಲಿಂದ ಉಸ್ಮಾನನ ಮಗ ಒದೆಯುವುದು,
ಕಡಲಗಾಳಿ ಅದನ್ನು ಎರಡಾಳು ದೂರ ಸರಿಸುವುದು.
ಹುಡುಗರೆಲ್ಲ ಚೆಂಡು ಇದ್ದಲ್ಲಿಗೆ ಓಡಿದರು,
ಬಾಯಿ ತೆರೆದು, ಬಾವಲಿ ನೋಡುವವರ ಹಾಗೆ.
ಐಸು ಇಳಿಸುವ ತೇಜಾಕ್ಷ, ಅವನನ್ನು ಯಾರೂ ಕರೆದಿರಲಿಲ್ಲ,
ತಮ್ಮನ ಚಪ್ಪಲಿ ಹುಡುಕಿಕೊಂಡು ಬಂದವನು,
ಒಮ್ಮೆ ಮೇಲೆ ನೋಡಿ, ತಲೆ ತಗ್ಗಿಸಿ, ನಾಲ್ಕು ಹೆಜ್ಜೆ ನಡೆದ.
ಚೆಂಡು ಅಲ್ಲಿಗೇ ಬಂತು.
ಪಾದವನ್ನು ಅದಕ್ಕೆ ಒಡ್ಡಲಿಲ್ಲ; ತುಸು ಹಿಂದಕ್ಕೆಳೆದುಕೊಂಡ,
ಲಾರಿಯಿಂದ ಜಾರುವ ಐಸಿನ ಗಡ್ಡೆಯನ್ನು
ಕೋಯಿಪಾಡಿಯಲ್ಲಿ ದಿನವೂ ತಕ್ಕೊಳ್ಳುವ ಹಾಗೆ.
ಸದ್ದೇ ಇಲ್ಲ.
ಆಮೇಲೆ ಹುಣಿಯವರೆಗೆ ಅದನ್ನು ಕಾಲಲ್ಲೇ ತಂದು ಕೊಟ್ಟು
ಚಪ್ಪಲಿ ಹುಡುಕುವುದನ್ನು ಮುಂದುವರಿಸಿದ.

'ಆದರೆ ಅವನು ಮಾತೇ ಆಡುವುದಿಲ್ಲ' ಎಂದರು ಹಾಜಿ.
ಅದೇ ಬೇಕಾದ್ದು.
ಚೆಂಡು ಮೇಲಿರುವಾಗ ಈ ಊರಿನ ಬಾಯಿ ನೀವು ಕೇಳಬೇಕು.
ಒಬ್ಬ 'ಎಡ್ತೋ' ಅನ್ನುತ್ತಾನೆ, ಒಬ್ಬ 'ಬುಡು' ಅನ್ನುತ್ತಾನೆ,
ಡೊಲ್ಫಿಯ ಮಾವ 'ಸೊಡ್ ಸೊಡ್',
ಕನ್ನಡ ಮೇಷ್ಟ್ರು 'ನಿಲ್ಲು, ನಿಲ್ಲು',
ಮೈಕಿನವನ ಮಲಯಾಳ ಎಲ್ಲದರ ಮೇಲೆ.
ಎಲ್ಲ ತಿಳಿಯುತ್ತದೆ, ಅದೇ ಕಷ್ಟ.
ನನಗೂ ಎಲ್ಲ ತಿಳಿದಿತ್ತು, ತೊಂಬತ್ತೊಂದರಲ್ಲಿ.
ಐದು ಮಾತಿಗೂ ಕಿವಿಕೊಟ್ಟು ಮೇಲೆ ನೋಡಿದೆ.
ಎರಡು ಬೆಳಕು ಕಂಡವು; ನಾನು ದೀಪವನ್ನು ಹಿಡಿಯಲು ಹೋದೆ.
ಆಮೇಲೆ ಯಾರೂ ಬೈಯಲಿಲ್ಲ.
ಬೈದಿದ್ದರೆ ಒಳ್ಳೆಯದಿತ್ತು.

ಚಾದ ಚೀಟಿಯ ಹಿಂದೆ ಹೆಸರು ಬರೆದೆವು.
ಮಂಡಿ ಹೇಳುತ್ತಿದೆ, ನಾಳೆ ಒಂದು ಮಳೆ ಉಂಟೆಂದು.
ನೆನೆದ ಚೆಂಡಿನ ತೂಕ ನನಗೆ ಗೊತ್ತು,
ಹುಡುಗನಿಗೆ ಹೇಳಲಿಲ್ಲ.

ಅವನು ಮರಳು ಹೊದ್ದ ಹೊಟ್ಟಿನ ರಾಶಿಯ ಪಕ್ಕ
ಕೈಯ ತಣ್ಣೀರು ಲುಂಗಿಗೆ ಒರೆಸಿಕೊಳ್ಳುತ್ತ
ಸುದ್ದಿ ಪೂರ್ತಿ ಕೇಳಿದ, ನಗಲಿಲ್ಲ.
'ಹನ್ನೆರಡರ ಮೊದಲು ಮುಗಿಯುತ್ತದಲ್ಲ?
ನಾಲ್ಕಕ್ಕೆ ಲಾರಿ ಬರುತ್ತದೆ.'