ಆಮೆ ಪಾಠ

ಚಿಲಿಯ ಇಕೀಕೆ, ಶಿಶುವಿಹಾರ, ಮಂಗಳವಾರ:
ಗಂಟೆ ಬಾರಿಸಿದರೆ ಆಮೆಯಾಗಬೇಕು.
ಮೇಜಿನಡಿ ಮಂಡಿಯೂರಿ, ತಲೆ ತಗ್ಗಿಸಿ,
ಕತ್ತಿನ ಮೇಲೆ ಎರಡೂ ಕೈ.
ಭೂಕಂಪ ಅನ್ನುವ ಮಾತು ಒಫೇಲಿಯಾ ಅತ್ತೆಯ ಬಾಯಲ್ಲಿ ಬರುವುದಿಲ್ಲ;
'ನೆಲಕ್ಕೆ ಆಕಳಿಕೆ' ಅನ್ನುತ್ತಾಳೆ.

ಹದಿನಾಲ್ಕು ಆಮೆಗಳು. ಎಣಿಸಿದರೆ ಹದಿಮೂರು.
ಅಮಾರೋ ಕಿಟಕಿಗೆ ಓಡಿದ್ದಾನೆ,
ಒದ್ದೆ ಹತ್ತಿಯಲ್ಲಿ ಬೀನ್ಸ್ ಕಾಳು ಮಲಗಿಸಿದ
ತನ್ನ ಗ್ಲಾಸು ತರಲು.
'ಇದಕ್ಕೆ ಕೈಯೇ ಇಲ್ಲ,
ಕತ್ತು ಹೇಗೆ ಮುಚ್ಚಿಕೊಳ್ಳುತ್ತೆ?'

ಬೈಯಬೇಕು. ಬೈಯಲು ಬಾಯಿ ತೆರೆದವಳು
ಅವನ ಪಕ್ಕ ತಾನೂ ಮಂಡಿಯೂರಿದಳು.
ಮೇಜಿನ ನೆರಳಲ್ಲಿ, ಎರಡು ಮೂಗುಗಳ ನಡುವೆ,
ಸಿಪ್ಪೆ ಬಿರಿದು ಒಂದು ಬಿಳಿ ಬೇರು
ಹತ್ತಿಯನ್ನು ಮೆಲ್ಲಗೆ ತಳ್ಳುತ್ತಿದೆ.

ಗೋಂದು ಮೆತ್ತಿದ ಬೆರಳೆತ್ತಿ ರಾಯೆನ್ ಕೇಳುತ್ತಾಳೆ:
'ಅತ್ತೆ, ಆಮೆಗಳು ಇನ್ನು ಏಳಬಹುದಾ?
ನನಗೆ ಒಂದಕ್ಕೆ ಅರ್ಜೆಂಟು.'