ದಾಖಲೆ ಸಂಖ್ಯೆ ಒಂಬತ್ತು

ಶಾಂತಿನಗರ, ಬಸ್ ನಿಲ್ದಾಣದ ಮೇಲಿನ ಮಹಡಿ.
ನನಗಿಂತ ಮುಂಚೆ ಒಂದು ಫ್ರಿಜ್ಜಿನ ಕೇಸು,
ಬಾಗಿಲು ಸರಿಯಾಗಿ ಮುಚ್ಚುವುದಿಲ್ಲವಂತೆ.
ಆಮೇಲೆ ನಾನು. ಗ್ರಾಹಕಿ.

ಡಾಕ್ಟರ ಕಡೆಯ ವಕೀಲರು ಫೈಲು ತೆರೆದರು.
ಏಳನೇ ತಿಂಗಳು: ನಾರ್ಮಲ್. ಎಂಟು: ನಾರ್ಮಲ್.
ಒಂಬತ್ತರ ಪುಟ ಖಾಲಿ.
'ಕಾಲು ಊದಿತ್ತು ಅನ್ನೋದಕ್ಕೆ ಏನಮ್ಮ ಸಾಕ್ಷಿ?'

ಜಸಿಂತಾ ಮೇಡಂ ಪುಟ್ಟ ಕವರು ಮುಂದಿಟ್ಟರು.
ಕತ್ತರಿಸಿದ ಎರಡು ಕಾಲುಂಗುರ,
ಜತೆಗೆ ವೀರಾಚಾರಿಯ ಚೀಟಿ:
'ಬೆರಳಿಂದ ಬರಲಿಲ್ಲ. ಕಟ್ ಮಾಡಿದ್ದು. ನಲವತ್ತು ರೂಪಾಯಿ.'
ತಾರೀಖು ಇದೆ.

ಅವತ್ತು ಆತ ಕನ್ನಡಕ ತೆಗೆದು ಹೇಳಿದ್ದ:
'ತಾಯೀ, ಇದು ಬರೀ ನೀರಲ್ಲ, ಇವತ್ತೇ ತೋರಿಸು.'
ತೋರಿಸಿದ್ದೆ.
'ಎಲ್ಲ ಬಸುರಿಯರಿಗೂ ಊದುತ್ತೆ' ಅಂದರು, ತಲೆ ಎತ್ತದೆ.

ಮುಂದಿನ ವಾಯಿದೆ ಹದಿನೆಂಟಕ್ಕೆ.
ಕೆಳಗೆ ಬಸ್ಸು ರಿವರ್ಸ್ ತೆಗೆಯುತ್ತಿದೆ,
ಅದರ ಬೆನ್ನು ತಟ್ಟುತ್ತಾ ಕಂಡಕ್ಟರು:
ಬರಲಿ, ಬರಲಿ, ಬರಲಿ.